ರತ್ನಗಂಬಳಿಯ ಬೆನ್ನು

ರತ್ನಗಂಬಳಿ ಮಾರುವವರು ಮೊದಲು ತೋರಿಸುವುದು ಅದರ ಮುಖವನ್ನು. ದೀಪದ ಕೆಳಗೆ ಹಾಸಿ, ಅಂಗೈಯಿಂದ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಸವರಿ, ಬಣ್ಣ ತಿಳಿಯಾಗಿ ಮತ್ತೆ ಗಾಢವಾಗುವುದನ್ನು ತೋರಿಸುತ್ತಾರೆ. ಚೆಂದದ ನೋಟ. ಆದರೆ ಅದು ರೇಷ್ಮೆಯ ಗುರುತಲ್ಲ. ಎಳೆಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದರೆ ಉಣ್ಣೆಯೂ ಹಾಗೇ ಕಾಣುತ್ತದೆ: ಎಳೆಯ ಮೈ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ತುದಿಗಳ ನಡುವಿನ ಸಂದು ಅದನ್ನು ನುಂಗುತ್ತದೆ. ಕೊಳ್ಳುವವರು ಮಾಡಬೇಕಾದದ್ದು ಬೇರೆ. ಮೂಲೆಯನ್ನು ಮಡಚಿ ಬೆನ್ನು ನೋಡಬೇಕು.

ನೇಕಾರರು ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎರಡು ಎಳೆಗಳಿಗೆ ಒಂದು ತುಂಡು ನೂಲನ್ನು ಸುತ್ತಿ ಗಂಟು ಹಾಕಿ ಕತ್ತರಿಸುತ್ತಾರೆ. ಹೀಗೆ ಒಂದು ಸಾಲು ಮುಗಿದ ಮೇಲೆ ಹೊಕ್ಕಿನ ನೂಲನ್ನು ಅಡ್ಡಕ್ಕೆ ಹಾಯಿಸಿ ಬಡಿದು ಬಿಗಿಮಾಡುತ್ತಾರೆ. ಮುಂದೆ ಕಾಣುವ ಮೆತ್ತನೆಯ ಮುಖ ಆ ಗಂಟಿನ ನೂಲುಗಳ ತುದಿ. ಗಂಟಿನ ಬುಡ ಕಾಣುವುದು ಹಿಂದೆ. ಹಾಗಾಗಿ ಗಂಟು ಹಾಕಿದ ಕಂಬಳಿಯ ಬೆನ್ನಿನಲ್ಲಿ ಇಡೀ ಚಿತ್ತಾರ ಸ್ಪಷ್ಟವಾಗಿರುತ್ತದೆ, ಅಂಚಿನ ಕುಚ್ಚು ಹಾಸಿನ ಎಳೆಯ ಮುಂದುವರಿಕೆಯೇ ಆಗಿರುತ್ತದೆ. ಬೆನ್ನಿಗೆ ಬೇರೊಂದು ಬಟ್ಟೆ ಅಂಟಿಸಿದ್ದರೆ ಅದು ಟಫ್ಟಿಂಗ್ ಕೆಲಸ: ಬಿಗಿದು ಕಟ್ಟಿದ ಬಟ್ಟೆಯೊಳಗೆ ಕೈಯಲ್ಲಿ ಹಿಡಿದ ಯಂತ್ರದಿಂದ ನೂಲು ಚುಚ್ಚಿ, ಲೇಟೆಕ್ಸ್ ಎಂಬ ರಬ್ಬರಿನ ಅಂಟು ಬಳಿದದ್ದು. ಅದನ್ನೂ ‘ಕೈಕೆಲಸ’ ಎಂದು ಹೇಳಿ ಮಾರಬಹುದು, ಅದು ಸುಳ್ಳೂ ಅಲ್ಲ. ಆದರೆ ಲೇಟೆಕ್ಸ್ ವರ್ಷಗಳು ಕಳೆದಂತೆ ಒಣಗಿ ಪುಡಿಯಾಗಿ ಉದುರುತ್ತದೆ, ಗಂಟು ಉದುರುವುದಿಲ್ಲ.

ಗಂಟು ಎಷ್ಟು ಬಾಳಿಕೆ ಬರುತ್ತದೆ ಎಂಬುದಕ್ಕೆ ಸೈಬೀರಿಯದ ಅಲ್ತಾಯ್ ಪರ್ವತಗಳೇ ಸಾಕ್ಷಿ. 1949ರಲ್ಲಿ ಪುರಾತತ್ವಜ್ಞ ಸರ್ಗೆಯ್ ರುಡೆಂಕೊ ಅಲ್ಲಿನ ಪಾಜಿರಿಕ್ ಕಣಿವೆಯ ಸಮಾಧಿಯಿಂದ ಸುಮಾರು ಎರಡು ಮೀಟರ್ ಅಗಲದ ಒಂದು ರತ್ನಗಂಬಳಿಯನ್ನು ಹೊರತೆಗೆದರು. ಕಳ್ಳರು ಕೊರೆದ ಕನ್ನದಿಂದ ಸಮಾಧಿಯೊಳಗೆ ನೀರು ಇಳಿದು ಹೆಪ್ಪುಗಟ್ಟಿತ್ತು. ಆ ಮಂಜುಗಡ್ಡೆಯೇ ಅದನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿತು. ಅದರಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 36 ಗಂಟುಗಳಿವೆ. ಇಂದಿನ ಒಳ್ಳೆಯ ಕಂಬಳಿಗೂ ಇದು ನಾಚಿಕೆಪಡುವ ಸಂಖ್ಯೆಯಲ್ಲ.

ಇನ್ನು ಲೆಕ್ಕ ಹಾಕೋಣ. 6 ಅಡಿ ಅಗಲ, 9 ಅಡಿ ಉದ್ದದ ಕಂಬಳಿಯಲ್ಲಿ 7,776 ಚದರ ಇಂಚುಗಳಿರುತ್ತವೆ. ಪ್ರತಿ ಚದರ ಇಂಚಿಗೆ 200 ಗಂಟು ಎಂದರೆ ಒಟ್ಟು 15,55,200. ದಿನಕ್ಕೆ 8,000 ಗಂಟು ಹಾಕುವ ಚುರುಕು ಕೈ ಎಂದಿಟ್ಟುಕೊಂಡರೂ ಒಬ್ಬರಿಗೆ 194 ದಿನ ದಾಟುತ್ತದೆ. ಬೆಲೆ ಕೇಳಿದಾಗ ನಾನು ಮನಸ್ಸಿನಲ್ಲಿ ಅದನ್ನು ಈ ದಿನಗಳಿಂದ ಭಾಗಿಸಿ ನೋಡುತ್ತೇನೆ. ದಿನಗೂಲಿ ತೀರಾ ಕಡಿಮೆ ಬಂದರೆ ಒಂದೋ ಗಂಟು ಹೇಳಿದಷ್ಟಿಲ್ಲ, ಇಲ್ಲವೇ ಯಾರದೋ ಹೊಟ್ಟೆಗೆ ಹೊಡೆದಿದ್ದಾರೆ. ನಮ್ಮ ದೇಶದ ರತ್ನಗಂಬಳಿಯ ಸೀಮೆಯಾದ ಉತ್ತರ ಪ್ರದೇಶದ ಭದೋಹಿ–ಮಿರ್ಜಾಪುರದಲ್ಲಿ ಮಕ್ಕಳ ದುಡಿಮೆ ದೊಡ್ಡ ಪಿಡುಗಾಗಿತ್ತು. ಅದರ ವಿರುದ್ಧ ಕೈಲಾಶ್ ಸತ್ಯಾರ್ಥಿಯವರು 1994ರಲ್ಲಿ ಆರಂಭಿಸಿದ ರಗ್‌ಮಾರ್ಕ್, ಇಂದಿನ ಗುಡ್‌ವೀವ್, ಚೀಟಿಯನ್ನು ಕೇಳಿ ನೋಡುವುದು ಕೊಳ್ಳುವವರ ಹಕ್ಕು.

ಗಂಟಿನ ಸಂಖ್ಯೆಯೊಂದೇ ಸಾಲದು. ಎರಡರ ಬದಲು ನಾಲ್ಕು ಹಾಸಿನೆಳೆಗಳಿಗೆ ಒಂದೇ ಗಂಟು ಹಾಕುವ ‘ಜುಫ್ತಿ’ ಎಂಬ ಅಡ್ಡದಾರಿ ಇದೆ. ಕೆಲಸ ಬೇಗ ಮುಗಿಯುತ್ತದೆ, ಮುಖದ ಎಳೆಗಳು ವಿರಳವಾಗಿ ಬೇಗ ಸವೆಯುತ್ತವೆ. ಜೊತೆಗೆ ನೂಲು ಯಾವುದು ಎಂಬ ಪ್ರಶ್ನೆ. ‘ಬಿದಿರು ರೇಷ್ಮೆ’ ಎಂಬ ಮಿರುಗು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಗಿಡದ ಸೆಲ್ಯುಲೋಸ್. ನೆನೆದರೆ ಅದರ ಬಲ ಅರ್ಧದಷ್ಟು ಇಳಿಯುತ್ತದೆ. ಕರಾವಳಿಯ ಮಳೆಗಾಲಕ್ಕೆ ಅದು ಹೇಳಿಸಿದ್ದಲ್ಲ. ಉಣ್ಣೆಯ ಎಳೆಯ ಹೊರಮೈಯಲ್ಲಿ ಹೆಂಚಿನಂತೆ ಒಂದರ ಮೇಲೊಂದು ಕೂತ ಪೊರೆಗಳು ನೀರಿನ ಹನಿಯನ್ನು ಜಾರಿಸುತ್ತವೆ; ಒಳಭಾಗ ಮಾತ್ರ ಗಾಳಿಯ ತೇವವನ್ನು ತನ್ನ ತೂಕದ ಮೂರನೇ ಒಂದರಷ್ಟು ಹೀರಿಯೂ ಹಸಿ ಅನ್ನಿಸುವುದಿಲ್ಲ. ಅನುಮಾನವಿದ್ದರೆ ಅಂಗಡಿಯವರ ಒಪ್ಪಿಗೆ ಪಡೆದು ಮುಖದ ಕಡೆಯಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಬಹುದು. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನಾಗಿ ಆರುತ್ತದೆ, ವಿಸ್ಕೋಸ್ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕುಚ್ಚಿನ ಎಳೆ ಸುಟ್ಟರೆ ಮೋಸ ಹೋಗುತ್ತೀರಿ. ಹಾಸು ಹೆಚ್ಚಾಗಿ ಹತ್ತಿಯದೇ ಇರುತ್ತದೆ.

ಬಣ್ಣದಲ್ಲಿ ಅಡ್ಡಡ್ಡ ಪಟ್ಟಿಯಂತೆ ತುಸು ಏರಿಳಿತ ಕಂಡರೆ ದೋಷವೆಂದು ಬಿಟ್ಟುಬಿಡಬೇಡಿ. ಅದಕ್ಕೆ ‘ಅಬ್ರಶ್’ ಎನ್ನುತ್ತಾರೆ. ಸ್ವಲ್ಪಸ್ವಲ್ಪವೇ ನೂಲನ್ನು ಬೇರೆ ಬೇರೆ ಸಲ ಅದ್ದಿದಾಗ ಒಂದು ಹದ ಇನ್ನೊಂದಕ್ಕೆ ಸರಿಹೊಂದುವುದಿಲ್ಲ.

ಬೆನ್ನು ನೋಡುವ ಈ ಪರೀಕ್ಷೆ ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ನಡೆಯುವುದಿಲ್ಲ. ಅದರಲ್ಲಿ ಗಂಟೇ ಇಲ್ಲ. ಹತ್ತಿಯ ಹೊಕ್ಕನ್ನು ಹಾಸು ಕಾಣದಷ್ಟು ಒತ್ತಾಗಿ ಬಡಿದು ನೇಯುತ್ತಾರೆ, ಹೆಣ್ಣುಮಕ್ಕಳೇ ಆ ಕಸುಬನ್ನು ಉಳಿಸಿಕೊಂಡು ಬಂದಿದ್ದಾರೆ. ಜಮಖಾನೆಯನ್ನು ಮಗುಚಿ ಹಾಕಿದರೆ ಮುಂದಿದ್ದ ನವಿಲು, ಪಗಡೆಹಾಸು ಹಿಂದೆಯೂ ಹಾಗೇ ಇರುತ್ತವೆ. ಒಂದು ಕಡೆ ಮಾಸಿದರೆ ಇನ್ನೊಂದು ಕಡೆ ಹಾಸಿಕೊಳ್ಳಬಹುದು.