ಬುಡಕಟ್ಟು: ಎಲೆಯ ಲಂಗ ಈ ಪದದಲ್ಲಿಲ್ಲ

ಹುಬ್ಬಳ್ಳಿ-ಧಾರವಾಡದ ಕಡೆ ಯಾವ ಉತ್ಸವದ ಆಮಂತ್ರಣ ಪತ್ರಿಕೆ ತೆಗೆದರೂ ‘ಬುಡಕಟ್ಟು ಕಲಾತಂಡಗಳ ಮೆರವಣಿಗೆ’ ಎಂಬ ಸಾಲು ಈಗ ಕಾಯಂ. ಡೊಳ್ಳು, ಜಗ್ಗಲಿಗೆ, ಲಂಬಾಣಿ ಕುಣಿತ ಎಲ್ಲವನ್ನೂ ಅದರಡಿ ತುರುಕಿರುತ್ತಾರೆ. ಹೋಳಿ ಹಬ್ಬಕ್ಕೆ ಹುಬ್ಬಳ್ಳಿಯ ಓಣಿ ಓಣಿಯಲ್ಲಿ ಬಾರಿಸುವ ಜಗ್ಗಲಿಗೆ ಬುಡಕಟ್ಟಿನದಾದದ್ದು ಯಾವಾಗ? ಶಾಲೆಯ ವಾರ್ಷಿಕೋತ್ಸವಗಳಲ್ಲಂತೂ ಮಕ್ಕಳ ಮುಖಕ್ಕೆ ಕಪ್ಪು ಬಳಿದು ಸೊಂಟಕ್ಕೆ ಎಲೆ ಸುತ್ತಿದರೆ ‘ಬುಡಕಟ್ಟು ನೃತ್ಯ’ ತಯಾರು.

ಬುಡ ಎಂದರೆ ಗಿಡದ ಬುಡ, ಅಲ್ಲಿ ತಕರಾರಿಲ್ಲ. ಜನ ಎಡವುವುದು ‘ಕಟ್ಟು’ ಎಂಬಲ್ಲಿ. ಕಟ್ಟುಪಾಡು, ಕಟ್ಟಳೆ, ಒಕ್ಕಟ್ಟು ಎನ್ನುವಾಗ ಬರುವ ಕಟ್ಟೇ ಇದು. ನಾವೆಲ್ಲ ಒಂದೇ ಬುಡದವರು ಎಂಬ ನಂಬಿಕೆ, ಅದನ್ನು ಆಧರಿಸಿದ ಕೊಡುಕೊಳ್ಳುವಿಕೆ, ಹಿರಿಯರ ಪಂಚಾಯಿತಿ, ತಪ್ಪಿದವರಿಗೆ ದಂಡ, ಇಷ್ಟೂ ಆ ಕಟ್ಟಿನೊಳಗೆ ಬರುತ್ತವೆ. ಮದುವೆ ಮಾತುಕತೆಯಲ್ಲಿ ವಿಚಾರಿಸುವ ಬೆಡಗು, ಅಂದರೆ ವಂಶದ ಬಳ್ಳಿ, ಇದಕ್ಕಿಂತ ಚಿಕ್ಕದು. ಒಂದು ಬುಡಕಟ್ಟಿನಲ್ಲಿ ಹಲವು ಬೆಡಗುಗಳಿರಬಹುದು. ಕಾಡು ಈ ಪದದ ಹತ್ತಿರವೂ ಸುಳಿಯುವುದಿಲ್ಲ.

ಈ ಕಟ್ಟು ಕಣ್ಣಿಗೆ ಕಾಣಬೇಕೆಂದರೆ ಲಂಬಾಣಿಗರ ಹಬ್ಬ ನೋಡಿ. ಗದಗ ಸೀಮೆಯ ತಾಂಡಾದಲ್ಲಿ, ಅಂದರೆ ಅವರ ಹಟ್ಟಿಯಲ್ಲಿ, ದೀಪಾವಳಿಯ ರಾತ್ರಿ ಹೆಣ್ಣುಮಕ್ಕಳು ದೀಪ ಹಿಡಿದು, ‘ಮೇರಾ’ ಹಾಡುತ್ತ ಮನೆ ಮನೆಗೆ ಹೋಗುತ್ತಾರೆ. ಅದು ಸಮುದಾಯ ಪಾಲ್ಗೊಳ್ಳುವ ಹಬ್ಬ. ಇಂಥ ಸಮುದಾಯದವರನ್ನೇ ಉತ್ಸವದ ಮೆರವಣಿಗೆಯಲ್ಲಿ ಬಿಸಿಲಿಗೆ ಕುಣಿಸಿ, ಭಾಷಣ ಶುರುವಾಗುವ ಹೊತ್ತಿಗೆ ಊಟದ ಚೀಟಿ ಕೊಟ್ಟು ಸಾಗಹಾಕುವುದನ್ನೂ ‘ಪಾಲ್ಗೊಳ್ಳುವಿಕೆ’ ಎಂದೇ ವರದಿ ಬರೆಯುತ್ತಾರೆ. ಇರಲಿ, ಅದು ಬೇರೆಯದೇ ಪದದ ಪಾಡು.

‘ಆದಿವಾಸಿ’ಗೂ ‘ಬುಡಕಟ್ಟಿ’ಗೂ ಒಂದೇ ಅರ್ಥ ಹಚ್ಚುವವರು ಕಲಘಟಗಿ ತಾಲ್ಲೂಕಿನ ಸಿದ್ದಿಗಳನ್ನು ನೆನೆಯಬೇಕು. ಆದಿವಾಸಿ ಎಂದರೆ ನೆಲದ ಮೊದಲ ನಿವಾಸಿ. ಸಿದ್ದಿಗಳ ಹಿರೀಕರೋ ಆಫ್ರಿಕಾದಿಂದ ಬಂದವರು, ಹಲವರು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಆದರೂ ಸಿದ್ದಿ ಎಂಬ ಕಟ್ಟು ಬಿಚ್ಚಿಲ್ಲ.

ಇನ್ನು ‘ಪರಿಶಿಷ್ಟ ಪಂಗಡ’. ಅದು ಸರ್ಕಾರದ ಪಟ್ಟಿಯ ಹೆಸರು, ಅಷ್ಟೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಆ ಪಟ್ಟಿ ಸೇರಿದರು. ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾದರು. ಜಿಲ್ಲೆಯ ಗಡಿಕಲ್ಲು ದಾಟಿದ್ದಕ್ಕೆ ಬುಡ ಬೇರೆಯಾಗಿತ್ತೇ? ಲಂಬಾಣಿಗರಿಗೆ ತಾಂಡಾ ಇದೆ, ಮುಖ್ಯಸ್ಥರಾಗಿ ನಾಯಕ-ಕಾರಭಾರಿ ಇದ್ದಾರೆ, ಗೋರ್ ಬೋಲಿ ಎಂಬ ತಮ್ಮದೇ ಭಾಷೆ ಇದೆ. ಆದರೆ ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಪಟ್ಟಿ ನೋಡಿ ಬುಡಕಟ್ಟು ಗುರುತಿಸುವವರು ಯಾವ ರಾಜ್ಯದ ಪಟ್ಟಿ ಎಂಬುದನ್ನಾದರೂ ಮೊದಲು ಹೇಳಬೇಕು.