85 ಎಂಎಂ ಅಂತ ಬರೆದರೆ ಎಐಗೆ ತಿಳಿಯುತ್ತದೆಯೇ?

ಓದುಗರ ಪ್ರಶ್ನೆ: "ನಮ್ಮೂರ ಆಟದ ಪೋಸ್ಟರ್‌ಗೆ ಎಐನಲ್ಲಿ ಯಕ್ಷಗಾನ ವೇಷಧಾರಿಯ ಚಿತ್ರ ಮಾಡಿಸುತ್ತಿದ್ದೇನೆ. ಒಂದು ವಿಡಿಯೊದಲ್ಲಿ ಹೇಳಿದ್ದನ್ನು ಕೇಳಿ ಪ್ರಾಂಪ್ಟ್‌ನ (ಎಐಗೆ ಬರೆದು ಕೊಡುವ ವಿವರಣೆಯ) ಕೊನೆಗೆ '85 ಎಂಎಂ ಲೆನ್ಸ್, ಎಫ್ 1.4, ಲೋ ಆ್ಯಂಗಲ್' ಅಂತ ಸೇರಿಸುತ್ತೇನೆ. 85 ತೆಗೆದು 50 ಹಾಕಿದರೂ ಚಿತ್ರ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಲೋ ಆ್ಯಂಗಲ್ ತೆಗೆದರೆ ಮಾತ್ರ ಇಡೀ ಚಿತ್ರ ಬದಲಾಗುತ್ತದೆ. ಈ ಲೆನ್ಸ್ ನಂಬರುಗಳಿಂದ ಏನಾದರೂ ಪ್ರಯೋಜನ ಇದೆಯೇ, ಇಲ್ಲಾ ಸುಮ್ಮನೆ ಮಂತ್ರ ಹೇಳಿದಂತೆಯೇ?"

ನೀವು ಕಂಡದ್ದು ನಿಜ. ಕೋನದ ಮಾತು ಎಐಗೆ ಚೆನ್ನಾಗಿ ನಾಟುತ್ತದೆ, ಲೆನ್ಸಿನ ನಂಬರು (ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ಕಿರಿದು) ಅಷ್ಟಕ್ಕಷ್ಟೇ. ಎಫ್ 1.4 ಎಂಬ ಅಪರ್ಚರ್ ಸಂಖ್ಯೆಯದ್ದು ಇನ್ನೂ ಬೇರೆ ಕಥೆ. ಏಕೆ ಹೀಗೆ ಎನ್ನುವುದು ಗೊತ್ತಾದರೆ ಪ್ರಾಂಪ್ಟ್ ಬರೆಯುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಎಐ ಹತ್ತಿರ ಲೆನ್ಸ್ ಇಲ್ಲ, ಸೆನ್ಸರ್ ಇಲ್ಲ, ನಿಂತುಕೊಳ್ಳಲು ಜಾಗವೂ ಇಲ್ಲ. ಅದು ಕಲಿತದ್ದು ಅಂತರಜಾಲದ ಚಿತ್ರಗಳಿಂದ, ಆ ಚಿತ್ರಗಳ ಪಕ್ಕದಲ್ಲಿ ಜನ ಬರೆದಿಟ್ಟ ಮಾತುಗಳಿಂದ. ಓಪನ್‌ಎಐ 2021ರಲ್ಲಿ ಪ್ರಕಟಿಸಿದ, ಚಿತ್ರಕ್ಕೂ ಬರಹಕ್ಕೂ ನಂಟು ಹಾಕುವ ಕ್ಲಿಪ್ ಎಂಬ ಮಾದರಿ ಇಂಥ 40 ಕೋಟಿ ಚಿತ್ರ-ಬರಹದ ಜೋಡಿಗಳನ್ನು ನೋಡಿ ಕಲಿತದ್ದು. ಮರುವರ್ಷ ಬಂದ ಲಯಾನ್-5ಬಿ ಸಂಗ್ರಹದಲ್ಲಿ 585 ಕೋಟಿ ಜೋಡಿಗಳಿದ್ದವು. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬಿಡಿಸುವ ಎಐ ತಯಾರಾದದ್ದು ಅದರಿಂದ ಆರಿಸಿದ ಚಿತ್ರಗಳ ಮೇಲೆ.

ಈಗ ನೀವೇ ಯೋಚಿಸಿ, ಫೋಟೊದ ಕೆಳಗೆ "85 ಎಂಎಂ" ಅಂತ ಬರೆಯುವವರು ಯಾರು? ಮದುವೆ ಫೋಟೊ ಹಾಕುವವರು ವಧೂವರರ ಹೆಸರು ಬರೆದಾರು, ಛತ್ರದ ಹೆಸರು ಬರೆದಾರು, ಲೆನ್ಸಿನ ಸುದ್ದಿ ಎತ್ತುವುದಿಲ್ಲ. ಆ ಸಂಖ್ಯೆ ಫೋಟೊ ಫೈಲಿನ ಒಳಗಿನ ಎಕ್ಸಿಫ್ ಮಾಹಿತಿಯಲ್ಲಿ ಅಡಗಿರುತ್ತದೆ, ಪಕ್ಕದ ಬರಹದಲ್ಲಿ ಇರುವುದಿಲ್ಲ. ಬರೆಯುವವರೆಂದರೆ ಲೆನ್ಸ್ ವಿಮರ್ಶೆ ಮಾಡುವವರು, ಲೆನ್ಸ್ ಮಾರುವ ಅಂಗಡಿಯವರು, ನಮ್ಮಂಥ ಕ್ಯಾಮೆರಾ ಹುಚ್ಚಿನವರು. ಅವರು 85ರ ಜೊತೆ ತೋರಿಸುವುದು ಸಾಮಾನ್ಯವಾಗಿ ಒಂದೇ ಬಗೆಯ ಚಿತ್ರ: ಎದೆಯಿಂದ ಮೇಲಕ್ಕೆ ಒಂದು ಮುಖ, ಹಿಂದೆ ಕರಗಿದ ಹಸಿರು, ಸಂಜೆ ಬೆಳಕು. ಹಾಗಾಗಿ ಎಐ ಮಟ್ಟಿಗೆ 85 ಅಂದರೆ ಅಳತೆಗಿಂತ ಹೆಚ್ಚಾಗಿ ಒಂದು ಜಾತಿಯ ಫೋಟೊದ ಹೆಸರು. 50ರ ಜೊತೆಗೂ ಅಂಥವೇ ಫೋಟೊಗಳು ಧಾರಾಳವಾಗಿವೆ. ನಿಮಗೆ ವ್ಯತ್ಯಾಸ ಕಾಣದಿರಲು ಅದೇ ಕಾರಣ. 24 ಹಾಕಿ ನೋಡಿ, ಆಮೇಲೆ 200 ಹಾಕಿ ನೋಡಿ. ಆಗ ಚಿತ್ರ ಅಲುಗಾಡುತ್ತದೆ. ಫಿಶ್ ಐ ಅಂತ ಹಾಕಿದರೆ ಇಡೀ ರಂಗಸ್ಥಳವೇ ಬಾಗಿ ಬರುತ್ತದೆ.

ಕ್ಯಾಮೆರಾ ಕಂಪನಿಯ ಹೆಸರು, ಮಾಡೆಲ್ ನಂಬರು ತುರುಕುವ ಚಾಳಿಯಿದ್ದರೆ ಬಿಟ್ಟುಬಿಡಿ. ಒಮ್ಮೆ ನಾನೂ ಹಾಗೆ ಬರೆದೆ. ಬಂದ ಚಿತ್ರದಲ್ಲಿ ರಾಜವೇಷದವನ ಕೈಯಲ್ಲಿ ಗದೆಯ ಬದಲು ಕ್ಯಾಮೆರಾ ಇತ್ತು.

ಲೋ ಆ್ಯಂಗಲ್ ಹಾಗಲ್ಲ. ಕೆಳಗಿನಿಂದ ತೆಗೆದದ್ದು ಚಿತ್ರದಲ್ಲೇ ಎದ್ದು ಕಾಣುತ್ತದೆ. "ಕೆಳಗಿನಿಂದ ನೋಡಿದ ನೋಟ", "ಮೇಲಿನಿಂದ ಕಂಡಂತೆ" ಎಂದು ಫೋಟೊದ ಗಂಧಗಾಳಿ ಇಲ್ಲದವರೂ ಬರೆಯುತ್ತಾರೆ. ಇತ್ತೀಚಿನ ಮಾದರಿಗಳಲ್ಲಿ ಇದಕ್ಕೆ ಇನ್ನಷ್ಟು ಬಲ ಬಂದಿದೆ. ಓಪನ್‌ಎಐನ 2023ರ ಚಿತ್ರದ ಮಾದರಿ ಡಾಲ್-ಇ 3ಕ್ಕೆ ಕಲಿಸುವಾಗ ಜನ ಬರೆದ ಅಡ್ಡಾದಿಡ್ಡಿ ಬರಹಗಳ ಜಾಗದಲ್ಲಿ, ಬಹುಪಾಲು ಚಿತ್ರಗಳಿಗೆ, ಇನ್ನೊಂದು ಯಂತ್ರದಿಂದಲೇ ಉದ್ದುದ್ದ ವಿವರಣೆ ಬರೆಸಿದ್ದರು. ಆ ಯಂತ್ರ ಬರೆಯುವುದು ಚಿತ್ರದಲ್ಲಿ ಕಂಡದ್ದನ್ನು. ಹಿನ್ನೆಲೆ ಮಸುಕಾಗಿದೆ ಎಂದು ಅದು ಬರೆಯಬಲ್ಲದು; ತೆಗೆದದ್ದು 85ರಲ್ಲೋ 105ರಲ್ಲೋ ಎಂದು ಹೇಗೆ ಬರೆದೀತು? ನುರಿತ ಫೋಟೊಗ್ರಾಫರನಿಗೇ ಅದನ್ನು ನೋಡಿ ಹೇಳುವುದು ಕಷ್ಟ.

ಹಾಗಾದರೆ ಲೆನ್ಸಿನ ಜ್ಞಾನ ವ್ಯರ್ಥವೇ? ಇಲ್ಲ. ನನ್ನ ಅನುಭವದಲ್ಲಿ ಎಐ ಪ್ರಾಂಪ್ಟ್ ಚೆನ್ನಾಗಿ ಬರೆಯುವವರು ಲೆನ್ಸ್ ಏನು ಮಾಡುತ್ತದೆ ಎಂದು ತಿಳಿದವರೇ. ಆದರೆ ಅವರು ನಂಬರಿಗಿಂತ ಅದರ ಫಲವನ್ನು ಬರೆಯುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ, ವರ್ಷಗಟ್ಟಲೆ ಕ್ಯಾಮೆರಾ ಹಿಡಿದವರೂ ತಪ್ಪಾಗಿ ಹೇಳುವಂಥದ್ದು. ವೈಡ್ ಲೆನ್ಸ್ (24ರಂಥ ಅಗಲ ನೋಟದ್ದು) ಮೂಗನ್ನು ಉಬ್ಬಿಸುತ್ತದೆ, ಟೆಲಿ ಲೆನ್ಸ್ (200ರಂಥ ಕಿರಿದಾದ ನೋಟದ್ದು) ಮುಖವನ್ನು ಚಪ್ಪಟೆ ಮಾಡುತ್ತದೆ ಎನ್ನುತ್ತಾರೆ. ಅದನ್ನು ಮಾಡುವುದು ಲೆನ್ಸ್ ಅಲ್ಲ, ದೂರ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್, ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ, ಸುಮಾರು 84 ಡಿಗ್ರಿಯ ನೋಟ ಕೊಡುತ್ತದೆ, 50 ಎಂಎಂ ಸುಮಾರು 47, 85 ಎಂಎಂ 28, 200 ಎಂಎಂ ಬರೀ 12. ತಲೆ ಮತ್ತು ಹೆಗಲಷ್ಟೇ ಚೌಕಟ್ಟಿನಲ್ಲಿ ತುಂಬಬೇಕೆಂದರೆ 24 ಎಂಎಂ ಹಿಡಿದವರು ಅರ್ಧ ಮೀಟರ್ ಹತ್ತಿರಕ್ಕೆ ಹೋಗಬೇಕು. 85 ಹಿಡಿದವರು ಸುಮಾರು ಒಂದು ಮುಕ್ಕಾಲು ಮೀಟರ್ ಹಿಂದೆ ನಿಲ್ಲಬೇಕು. ಮೂಗಿನ ತುದಿಯಿಂದ ಕಿವಿಗೆ 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಅರ್ಧ ಮೀಟರಿನಿಂದ ನೋಡಿದರೆ ಮೂಗು ಕಿವಿಗಿಂತ ಕಾಲುಭಾಗ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಒಂದು ಮುಕ್ಕಾಲು ಮೀಟರಿನಿಂದ ನೋಡಿದರೆ ಆ ವ್ಯತ್ಯಾಸ ನೂರಕ್ಕೆ ಏಳರಷ್ಟು ಮಾತ್ರ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24-26 ಎಂಎಂಗೆ ಸಮ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಿ ನಮ್ಮ ಮುಖ ನಮಗೇ ಒಗ್ಗದಿರಲು ಇದೇ ಕಾರಣ.

ಇದನ್ನು ನಿಮ್ಮ ವೇಷಧಾರಿಗೆ ಹೊಂದಿಸಿ ನೋಡೋಣ. ಪೋಸ್ಟರ್‌ನಲ್ಲಿ ವೇಷ ಭವ್ಯವಾಗಿ ಕಾಣಲಿ ಅಂತ ಲೋ ಆ್ಯಂಗಲ್ ಹಾಕಿದ್ದೀರಿ. ಲೋ ಆ್ಯಂಗಲ್ ಅಂದರೆ ಎಷ್ಟು ದೂರದಿಂದ? ಕಾಲ ಬುಡದಲ್ಲಿ ಕೂತು, ಒಂದೇ ಮೀಟರ್ ದೂರದಿಂದ ವೈಡ್ ಲೆನ್ಸ್ ಎತ್ತಿದರೆ ಕ್ಯಾಮೆರಾಗೆ ಮೊಣಕಾಲು ಹತ್ತಿರ, ಕಿರೀಟ ಹೆಚ್ಚುಕಡಿಮೆ ಇಮ್ಮಡಿ ದೂರ. ಗೆಜ್ಜೆ ಕಟ್ಟಿದ ಕಾಲು ಕಂಬದಂತೆ, ಕಿರೀಟ ತಲೆಗೆ ಸಾಲದಂತೆ ಬರುತ್ತದೆ. ಯಕ್ಷಗಾನದಲ್ಲಿ ವೇಷದ ಗತ್ತೆಲ್ಲ ಮೇಲಿರುವಾಗ ಇದು ಅನ್ಯಾಯ. ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ಬಾಹುಬಲಿಯ ಪಾದದ ಬಳಿ ನಿಂತು ಮೊಬೈಲ್ ಎತ್ತಿದವರಿಗೆ ಇದು ಗೊತ್ತು: ಪಾದ ಬೆಟ್ಟದಷ್ಟು, ಆ ಮುಗುಳ್ನಗೆಯ ಮುಖ ಎಲ್ಲೋ ಮೇಲೆ ಪುಟ್ಟದಾಗಿ. ಹಿಂದೆ ಸರಿಯೋಣವೆಂದರೆ ಅಂಗಳ ಅಷ್ಟು ದೊಡ್ಡದಿಲ್ಲ. ಅಂಥ ಫೋಟೊಗಳೇ ಜಾಲದಲ್ಲಿ ಹೆಚ್ಚಿರುವಾಗ ಎಐ ಕಲಿಯುವುದೂ ಅದನ್ನೇ.

ಇನ್ನೊಂದು ಲೋ ಆ್ಯಂಗಲ್ ಇದೆ. ಬಯಲಾಟದಲ್ಲಿ ನೆಲಕ್ಕೆ ಚಾಪೆ ಹಾಸಿ, ರಂಗಸ್ಥಳದಿಂದ ಹತ್ತು ಹದಿನೈದು ಮೀಟರ್ ದೂರ ಕೂತವರ ಕಣ್ಣಿಗೆ ಕಾಣುವುದು ಅದು. ನೋಟ ಕೆಳಗಿನಿಂದಲೇ, ಆದರೆ ಕಾಲಿಗೂ ಕಿರೀಟಕ್ಕೂ ದೂರ ಬಹುತೇಕ ಒಂದೇ. ಕಿರೀಟ ತನ್ನ ಪೂರ್ತಿ ಗಾತ್ರ ಉಳಿಸಿಕೊಂಡು ಕಪ್ಪು ಆಕಾಶಕ್ಕೆ ಎದುರಾಗಿ ನಿಲ್ಲುತ್ತದೆ. ಭವ್ಯ ಎಂದು ನಮಗೆ ಬಾಲ್ಯದಿಂದ ಅನ್ನಿಸಿದ್ದು ಈ ನೋಟ. ಇದನ್ನು ಕೇಳಬೇಕಾದರೆ "ಲೋ ಆ್ಯಂಗಲ್" ಒಂದೇ ಸಾಲದು. "ನೆಲದ ಮಟ್ಟದಲ್ಲಿ ಕ್ಯಾಮೆರಾ, ಪ್ರೇಕ್ಷಕರ ನಡುವಿನಿಂದ, ದೂರದಿಂದ ಟೆಲಿಫೋಟೊದಲ್ಲಿ ತೆಗೆದದ್ದು, ಮುಂದೆ ಕೂತವರ ತಲೆಗಳು ಮಸುಕಾಗಿ" ಎಂದು ಬರೆಯಿರಿ. ಮುಂದಿನ ತಲೆಗಳನ್ನು ಸೇರಿಸಿದ್ದು ಅಲಂಕಾರಕ್ಕಲ್ಲ. ದೂರ ಎಂಬುದನ್ನು ಎಐಗೆ ಮನದಟ್ಟು ಮಾಡಿಸಲು ನನಗೆ ಗೊತ್ತಿರುವ ಅತ್ಯಂತ ನೆಚ್ಚಿನ ಉಪಾಯವೇ ಅದು: ನಡುವೆ ಏನಾದರೂ ಒಂದು ವಸ್ತು ಇಡುವುದು.

ಎಫ್ 1.4ಕ್ಕೆ ಬರೋಣ. ಲೆನ್ಸಿನ ನಾಭಿದೂರವನ್ನು, ಅಂದರೆ ಆ ಎಂಎಂ ನಂಬರನ್ನು, ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಬಾಗಿಲಿನ ಅಗಲ ಸಿಗುತ್ತದೆ. 85 ಎಂಎಂನಲ್ಲಿ ಎಫ್ 1.4 ಅಂದರೆ ಸುಮಾರು 61 ಎಂಎಂ ಬಾಗಿಲು. 24 ಎಂಎಂನಲ್ಲಿ ಅದೇ ಎಫ್ 1.4 ಬರೀ 17 ಎಂಎಂ. ಬಾಗಿಲು ಅಗಲವಾದಷ್ಟೂ ಹಿನ್ನೆಲೆ ಹೆಚ್ಚು ಕರಗುತ್ತದೆ. ನಿಜವಾದ 85ರಲ್ಲಿ ಎಫ್ 1.4 ಇಟ್ಟು ಒಂದು ಮುಕ್ಕಾಲು ಮೀಟರಿನಿಂದ ಮುಖ ತೆಗೆದರೆ ಚೊಕ್ಕವಾಗಿ ಬರುವುದು ಸುಮಾರು ಮೂರೂವರೆ ಸೆಂ.ಮೀ. ಆಳ ಮಾತ್ರ. ಕಣ್ಣು ಸ್ಪಷ್ಟ, ಕಿವಿಯ ಹೊತ್ತಿಗೆ ಮಸುಕು. ಎಐ ಹೀಗೆ ಲೆಕ್ಕ ಹಾಕುವುದಿಲ್ಲ. ಅದು ಸಾಮಾನ್ಯವಾಗಿ ಇಡೀ ವೇಷವನ್ನು ಕಿರೀಟದ ಕೊನೆಯ ಮಣಿಯವರೆಗೂ ಚೊಕ್ಕ ಮಾಡಿ, ಹಿನ್ನೆಲೆಯನ್ನಷ್ಟೇ ಬೆಣ್ಣೆಯಂತೆ ಕರಗಿಸುತ್ತದೆ. ಫೋಟೊದಿಂದ ಕತ್ತರಿಸಿ ಬೇರೆ ಕಾಗದಕ್ಕೆ ಅಂಟಿಸಿದ ಹಾಗೆ. ಇದು ಬೇಡವಾದರೆ ಎಫ್ ಸಂಖ್ಯೆಯನ್ನು 1.8, 2.8 ಎಂದು ತಿದ್ದುತ್ತ ಕೂರುವುದು ದಂಡ. "ಕಣ್ಣು ಮಾತ್ರ ಸ್ಪಷ್ಟ, ಕಿರೀಟದ ಹಿಂಭಾಗ ಸ್ವಲ್ಪ ಮಸುಕು, ಹಿಂದಿನ ಭಾಗವತರು ಮತ್ತು ಚೆಂಡೆಯವರು ಗುರುತು ಸಿಗುವಷ್ಟು ಮಸುಕು" ಎಂದು ಹೇಳಿ. "ಮಸುಕು ಬೇಡ" ಅಂತ ಮಾತ್ರ ಬರೆಯಬೇಡಿ. ಬೇಡ ಎನ್ನುವ ಮಾತು ಈ ಮಾದರಿಗಳಿಗೆ ಎಷ್ಟೋ ಸಲ ದಾಟುವುದಿಲ್ಲ, ಮಸುಕು ಎಂಬ ಪದವೇ ಕೆಲಸ ಮಾಡಿಬಿಡುತ್ತದೆ. "ಹಿನ್ನೆಲೆಯೂ ಸ್ಪಷ್ಟ" ಎಂದರೆ ಆಯಿತು.

ಸಂಖ್ಯೆಗೆ ನಿಜಕ್ಕೂ ಬೆಲೆ ಇರುವ ಕಡೆಯೂ ಇದೆ. ಅಡೋಬಿ ಕಂಪನಿಯ ಚಿತ್ರದ ಎಐ ಫೈರ್‌ಫ್ಲೈನ 2023ರ ಎರಡನೇ ಮಾದರಿ ಅಪರ್ಚರ್, ಶಟರ್ ವೇಗ, ನೋಟದ ಅಗಲ ಇವಕ್ಕೆ ಪ್ರತ್ಯೇಕ ಗುಂಡಿಗಳನ್ನೇ ಕೊಟ್ಟಿತ್ತು. ಅಂಥ ಗುಂಡಿ ಇರುವ ಕಡೆ ಅದನ್ನೇ ಬಳಸಿ, ಪ್ರಾಂಪ್ಟ್‌ನಲ್ಲಿ ಮತ್ತೆ ಬರೆಯಬೇಡಿ.

ಉಳಿದ ಕೋನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೈ ಆ್ಯಂಗಲ್ ಅಂದರೆ ಮೇಲಿನಿಂದ ಓರೆಯಾಗಿ, ಟಾಪ್ ಡೌನ್ ಅಂದರೆ ನೆತ್ತಿಯ ಮೇಲಿಂದ ನೇರ ಕೆಳಕ್ಕೆ. ಎರಡನ್ನೂ ಒಂದೇ ಅಂದುಕೊಂಡು ಬರೆದು ಬೈದುಕೊಳ್ಳುವವರು ತುಂಬಾ ಜನ. ಬಾಳೆಎಲೆ ಊಟಕ್ಕೆ, ರಂಗೋಲಿಗೆ ಟಾಪ್ ಡೌನ್ ಸೊಗಸು. ವೇಷಕ್ಕೆ ಹಾಕಿದರೆ ಕಿರೀಟದ ತುದಿ ಬಿಟ್ಟು ಏನೂ ಉಳಿಯದು. ಐ ಲೆವೆಲ್ ಅಂದಾಗ ಯಾರ ಕಣ್ಣು ಎಂದು ಹೇಳಿ, ಮಗುವಿನ ಚಿತ್ರವಾದರೆ ಮಗುವಿನ ಕಣ್ಣಿನ ಮಟ್ಟ. ಡಚ್ ಆ್ಯಂಗಲ್ ಅಂದರೆ ಕ್ಯಾಮೆರಾವನ್ನೇ ಓರೆ ಹಿಡಿಯುವುದು. ಹಾಲೆಂಡಿಗೂ ಅದಕ್ಕೂ ಸಂಬಂಧವಿಲ್ಲ, ಜರ್ಮನ್ ಎಂಬರ್ಥದ ಡಾಯ್ಚ್ ಪದ ಇಂಗ್ಲಿಷರ ಬಾಯಲ್ಲಿ ಡಚ್ ಆದದ್ದು ಎನ್ನುತ್ತಾರೆ. ಓವರ್ ದ ಶೋಲ್ಡರ್ ಒಮ್ಮೆ ಪ್ರಯತ್ನಿಸಿ: ಭಾಗವತರ ಕೆಂಪು ಮುಂಡಾಸು, ಹೆಗಲು ಮುಂದೆ ಮಸುಕಾಗಿ, ಅದರಾಚೆ ಕುಣಿಯುತ್ತಿರುವ ವೇಷದ ಬೆನ್ನು, ಇನ್ನೂ ಆಚೆ ಕತ್ತಲಲ್ಲಿ ಜನ. ಪ್ರೇಕ್ಷಕರಿಗೆ ಎಂದೂ ಸಿಗದ ನೋಟ ಅದು.

ಇವೆಲ್ಲ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಒಂದೇ ಪ್ರಾಂಪ್ಟನ್ನು ಎರಡು ಸಲ ಕೊಟ್ಟರೂ ಎರಡು ಬೇರೆ ಚಿತ್ರ ಬರುತ್ತದೆ, ಏಕೆಂದರೆ ಎಐ ಚಿತ್ರ ಶುರುಮಾಡುವುದು ಗೊತ್ತುಗುರಿಯಿಲ್ಲದ ಚುಕ್ಕೆಗಳ ಗದ್ದಲದಿಂದ, ಅದು ಪ್ರತಿ ಸಲ ಬೇರೆ. ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್‌ನಂಥವುಗಳಲ್ಲಿ ಆ ಗದ್ದಲವನ್ನು ನಿರ್ಧರಿಸುವ ಸೀಡ್ ಎಂಬ ಸಂಖ್ಯೆಯನ್ನು ಸ್ಥಿರವಾಗಿಟ್ಟು, ಒಂದೇ ಒಂದು ಪದ ಬದಲಿಸಿ ನೋಡಿ. ಇಲ್ಲವಾದರೆ ಬದಲಾದದ್ದು 85ರಿಂದಲೋ ಅದೃಷ್ಟದಿಂದಲೋ ತಿಳಿಯುವುದಿಲ್ಲ. ಚಾಟ್‌ಜಿಪಿಟಿಯಲ್ಲಿ ಡಾಲ್-ಇ 3 ಬಂದಾಗ ಇನ್ನೊಂದು ತೊಡಕಿತ್ತು: ನಿಮ್ಮ ಮಾತನ್ನು ಅದು ತಾನೇ ತಿದ್ದಿ ಬರೆದು ಚಿತ್ರದ ಮಾದರಿಗೆ ಕೊಡುತ್ತಿತ್ತು. ಇಂಥ ಕಡೆ ನಿಮ್ಮ ಲೆನ್ಸಿನ ಮಾತು ದಾರಿಯಲ್ಲೇ ಕಳೆದುಹೋಗಬಹುದು. ಒಂದು ಲಾಭವೂ ಇದೆ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಉಳಿದ ಕಡೆ ಟೆಲಿಫೋಟೊ, ಲೋ ಆ್ಯಂಗಲ್‌ನಂಥ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಪದಗಳ ಸಾಲೂ ಮುಖ್ಯ. ಹಳೆಯ ಮಾದರಿಗಳಲ್ಲಿ ಪ್ರಾಂಪ್ಟ್ ಓದಲು ಬಳಸುತ್ತಿದ್ದ ಕ್ಲಿಪ್ 77 ಟೋಕನ್‌ಗಳ (ಪದ ಅಥವಾ ಪದದ ತುಂಡುಗಳ) ಆಚೆ ಓದುತ್ತಲೇ ಇರಲಿಲ್ಲ. ಕೊನೆಯಲ್ಲಿ ತಳ್ಳಿದ ಲೆನ್ಸಿನ ವಿವರ ಅಲ್ಲಿಗೇ ಕತ್ತರಿ. ನಾನು ಕ್ಯಾಮೆರಾ ಎಲ್ಲಿದೆ, ದೇಹದ ಎಷ್ಟು ಭಾಗ ಕಾಣಬೇಕು ಎಂಬುದರಿಂದಲೇ ಶುರುಮಾಡುತ್ತೇನೆ. ಪೂರ್ತಿ ವೇಷ ಬೇಕೆಂದರೆ ಅಗಲಕ್ಕೂ ಎತ್ತರಕ್ಕೂ ಅನುಪಾತ 2:3 ಇಡಿ. ಚೌಕದಲ್ಲಿ ಕೇಳಿದರೆ ಕಾಲೋ ಕಿರೀಟವೋ ಕತ್ತರಿಸಿ ಹೋಗುವುದು ಹೆಚ್ಚು. ಒಂದಕ್ಕೊಂದು ಜಗಳವಾಡುವ ಮಾತುಗಳನ್ನೂ ಕಿತ್ತುಹಾಕಿ. ಮ್ಯಾಕ್ರೊ ಲೆನ್ಸ್ (ತೀರಾ ಹತ್ತಿರದ ನೋಟ), ಪೂರ್ತಿ ದೇಹ, ಡ್ರೋನ್ ನೋಟ ಮೂರೂ ಒಟ್ಟಿಗೆ ಬೇಕೆಂದರೆ ಎಐ ಒಂದನ್ನು ಹಿಡಿದು ಎರಡನ್ನು ಬಿಡುತ್ತದೆ.

ಹೀಗೆಲ್ಲ ಬರೆದು ಕೊಟ್ಟಾಗ ನನಗೆ ಬೇಕಾದ ಕೋನ ಸಿಕ್ಕಿತು, ದೂರವೂ ಸಿಕ್ಕಿತು. ಆದರೆ ನಿಂತಿದ್ದ ವೇಷ ನಾನು ಕೇಳಿದ ಬಡಗುತಿಟ್ಟಿನದಲ್ಲ (ಯಕ್ಷಗಾನದ ಉತ್ತರದ ಶೈಲಿಯದಲ್ಲ), ಹಸಿರು ಮುಖದ ಕಥಕ್ಕಳಿಯದು. ಜಾಲದಲ್ಲಿ ಇಂಗ್ಲಿಷ್ ಬರಹದ ಜೊತೆ ಕಥಕ್ಕಳಿಯ ಫೋಟೊಗಳು ಹೇರಳ, ನಮ್ಮ ಕೇದಗೆ ಮುಂದಲೆ ಎಂಬ ತಲೆಯ ಕಟ್ಟಿನವು ಕಡಿಮೆ. 85ರ ಕಷ್ಟಕ್ಕೂ ಇದಕ್ಕೂ ಬೇರು ಒಂದೇ. ಇದನ್ನು ಯಾವ ಲೆನ್ಸಿನ ಪದವೂ ಸರಿಮಾಡದು. ಈಗಿನ ಹಲವು ಸಾಧನಗಳು ಪ್ರಾಂಪ್ಟ್ ಜೊತೆ ಒಂದು ಮಾದರಿ ಫೋಟೊ ತೆಗೆದುಕೊಳ್ಳುತ್ತವೆ. ನಿಮ್ಮೂರ ಮೇಳದ ಕಲಾವಿದರ ಒಪ್ಪಿಗೆ ಕೇಳಿ, ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ವೇಷ ಪೂರ್ತಿಯಾದ ಮೇಲೆ, ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ ಒಂದು ನೇರ ಫೋಟೊ ತೆಗೆದುಕೊಳ್ಳಿ. ವೇಷದ ವಿವರವನ್ನು ಆ ಫೋಟೊಗೆ ಬಿಡಿ, ಪ್ರಾಂಪ್ಟ್‌ನಲ್ಲಿ ಕ್ಯಾಮೆರಾದ ಮಾತು ಮಾತ್ರ ಇರಲಿ. ಬಂದ ಚಿತ್ರವನ್ನು ಪೋಸ್ಟರ್‌ಗೆ ಹಾಕುವ ಮೊದಲು ಅದೇ ಕಲಾವಿದರಿಗೆ ಒಮ್ಮೆ ತೋರಿಸಿ; ಮುಂದಲೆಯ ಕಟ್ಟು ತಪ್ಪಿದ್ದರೆ ನಿಮಗಿಂತ ನನಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ.