ತಿಗಣೆಯನ್ನು ಅಂಗಾತ ಮಲಗಿಸಿ ನೋಡಿ

ಕಳೆದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ, ಊಟ ಮುಗಿದ ಮೇಲೆ ತೊಗರಿ ಸಾಲಿನ ನಡುವೆ ಬಟ್ಟೆ ಹಾಸಿ ಗಿಡ ಅಲುಗಾಡಿಸಿದೆ. ಎಲೆ, ಕಾಯಿ ತಿನ್ನುವ ಕೀಡಿಗಳ ಜೊತೆ 11 ತಿಗಣೆ ಬಿದ್ದವು, ಹಾಸಿಗೆಯವಲ್ಲ, ಗಿಡದ ಮೇಲಿರುವಂಥವು. ಎಲ್ಲದರ ಭುಜದಲ್ಲೂ ಮುಳ್ಳು. ಭುಜಕ್ಕೆ ಮುಳ್ಳಿದ್ದರೆ ಪರಭಕ್ಷಕ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಅಪ್ಪನಿಗೆ "ಇವು ಕೀಡಿ ತಿನ್ನೋವು, ಇರಲಿ ಬಿಡು" ಅಂದೆ. ಹಿಡಿದವನ್ನು ರಾಯಚೂರಿಗೆ ತಂದು ಲೆನ್ಸ್ ಕೆಳಗಿಟ್ಟಾಗ 9 ತಿಗಣೆ ತೊಗರಿ ಕಾಯಿಯ ರಸ ಹೀರುವಂಥವು. ಕಾಳು ಮುರುಟುವುದು ಇವುಗಳಿಂದಲೇ. ಕೀಡಿ ತಿನ್ನುವವು ಎರಡೇ. ಮತ್ತೆ ಹೀಗಾಗಬಾರದೆಂದು ಇದನ್ನು ಬರೆದಿಡುತ್ತಿದ್ದೇನೆ.

ಯಾರು ಯಾರು

ಬೆನ್ನ ಮೇಲೆ ತ್ರಿಕೋನದ ಗುರಾಣಿ ಹೊತ್ತ ಪೆಂಟಟೊಮಿಡೇ ಕುಟುಂಬದ ಹೆಚ್ಚಿನ ತಿಗಣೆಗಳು ಸಸ್ಯರಸ ಹೀರುತ್ತವೆ. ಅದರೊಳಗಿನ ಅಸೋಪಿನೇ ಎಂಬ ಉಪಕುಟುಂಬ ಮಾತ್ರ ಬೇಟೆಗೆ ಇಳಿದದ್ದು. ನಮ್ಮ ಕಡೆ ಎರಡು ಹೆಸರು ನೆನಪಿಟ್ಟರೆ ಸಾಕು. ಒಂದು ಇಯೋಕ್ಯಾಂಥಿಕೋನಾ ಫರ್ಸೆಲ್ಲಾಟಾ. ಇದರ ಭುಜದ ಮುಳ್ಳಿನ ತುದಿ ಕವಲೊಡೆದಿರುತ್ತದೆ, ಹೆಸರಿನ ಅರ್ಥವೂ ಅದೇ. ಇನ್ನೊಂದು ಆಂಡ್ರಾಲಸ್ ಸ್ಪಿನಿಡೆನ್ಸ್. ಇದರ ಮುಳ್ಳು ಕವಲಿಲ್ಲದೆ ಚೂಪು, ಭತ್ತದ ಗದ್ದೆಯಲ್ಲೂ ಇರುತ್ತದೆ.

ನನ್ನನ್ನು ಮೋಸಗೊಳಿಸಿದ್ದು ಕ್ಲಾವಿಗ್ರಲ್ಲಾ ಗಿಬ್ಬೋಸಾ. ಅದರ ಭುಜದಲ್ಲೂ ಮುಳ್ಳು, ಬಣ್ಣವೂ ಕಂದು. ಆದರೆ ಅದು ಗುರಾಣಿ ತಿಗಣೆಯೇ ಅಲ್ಲ, ಬೇರೆ ಕುಟುಂಬದ್ದು. ಹಿಂಗಾಲಿನ ತೊಡೆ ದಪ್ಪ, ಮೀಸೆಗೆ ನಾಲ್ಕೇ ಗಿಣ್ಣು.

ಸೊಂಡಿಲು: ನಾನು ಸಿಕ್ಕಿಬಿದ್ದ ಜಾಗ

"ಪರಭಕ್ಷಕ ತಿಗಣೆಯ ಸೊಂಡಿಲು ದಪ್ಪ, ಮೊದಲ ಗಿಣ್ಣು ತಲೆಯಿಂದ ಬಿಡಿಯಾಗಿರುತ್ತದೆ." ಈ ಸಾಲನ್ನು ಬಾಯಿಪಾಠ ಮಾಡಿದ್ದೆ, ಅರ್ಥವಾಗಿರಲಿಲ್ಲ. ಎಲ್ಲ ತಿಗಣೆಗೂ ಸೊಂಡಿಲು ತಲೆಗೇ ಅಂಟಿರುತ್ತದಲ್ಲ, ಬಿಡಿ ಎಂದರೇನು?

ತಿಗಣೆಯನ್ನು ಅಂಗಾತ ಮಲಗಿಸಿ. ತಲೆಯ ಕೆಳಭಾಗದಲ್ಲಿ ಎರಡು ಸಣ್ಣ ಏಣುಗಳು ಕಾಣುತ್ತವೆ, ಹೊಲದ ಎರಡು ಬದುವಿನ ಹಾಗೆ. ರಸ ಹೀರುವ ಗುರಾಣಿ ತಿಗಣೆಯಲ್ಲಿ ಆ ಬದುಗಳು ಸಮಾನಾಂತರವಾಗಿ ಹಿಂದಕ್ಕೆ ಸಾಗುತ್ತವೆ. ಸೊಂಡಿಲಿನ ಮೊದಲ ಗಿಣ್ಣು ಅವುಗಳ ನಡುವಿನ ಕಾಲುವೆಯಲ್ಲಿ ಹುದುಗಿರುತ್ತದೆ, ಒರೆಯಲ್ಲಿ ಸಿಕ್ಕ ಚಾಕುವಿನಂತೆ. ಪರಭಕ್ಷಕದಲ್ಲಿ ಬದುಗಳು ಹಿಂದೆ ಹೋಗುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಾಲುವೆಯೇ ಮುಚ್ಚಿಹೋದ ಮೇಲೆ ಗಿಣ್ಣು ಹುದುಗಲು ಜಾಗವೆಲ್ಲಿ? ಅದು ಹೊರಗೇ ಇರುತ್ತದೆ, ಬುಡದಿಂದಲೇ ಮುಂದಕ್ಕೆ ತಿರುಗುತ್ತದೆ. ಬಿಡಿ ಎಂದರೆ ಇಷ್ಟೇ.

ಯಾಕೆ ಹೀಗೆ ಎಂದು ಕೇಳಿಕೊಂಡಾಗ ಪೂರ್ತಿ ಬಿಡಿಸಿತು. ರಸ ಹೀರುವ ತಿಗಣೆಗೆ ಊಟ ಇರುವುದು ಕಾಲ ಕೆಳಗೆ, ನಿಂತಲ್ಲೇ ಸೊಂಡಿಲು ನೆಟ್ಟಗೆ ಇಳಿದರೆ ಸಾಕು. ಬೇಟೆಗಾರ ತಿಗಣೆಗೆ ಊಟ ಇರುವುದು ಎದುರಿಗೆ, ಅದೂ ಒದ್ದಾಡುವ ಊಟ. ಸೊಂಡಿಲನ್ನು ಈಟಿಯಂತೆ ಮುಂದಕ್ಕೆ ಚಾಚಿ ನಿಧಾನಕ್ಕೆ ಹತ್ತಿರ ಹೋಗಿ ಚುಚ್ಚಬೇಕು, ಕೀಡಿ ಹೊರಳಿದರೂ ಈಟಿ ಮುರಿಯಬಾರದು. ಅದಕ್ಕೇ ದಪ್ಪ. ನನ್ನ ಅಳತೆ ಸುಲಭ: ಸೊಂಡಿಲನ್ನು ಮೀಸೆಯ ಪಕ್ಕ ಹೋಲಿಸುತ್ತೇನೆ. ಮೀಸೆಗಿಂತ ಎದ್ದು ಕಾಣುವಷ್ಟು ದಪ್ಪವಿದ್ದರೆ ಬೇಟೆಗಾರ. ಈಗ ಹಸಿರು ತಿಗಣೆಯನ್ನು ಹಿಡಿದರೂ ಮೊದಲು ಮಗುಚಿಯೇ ನೋಡುತ್ತೇನೆ.

ಚುಚ್ಚಿದ ಮೇಲೆ ಜೊಲ್ಲು ಕೀಡಿಯ ಮೈಯೊಳಗೆ ಹೋಗುತ್ತದೆ. ಕೀಡಿ ಸೆಟೆದು ಸುಮ್ಮನಾಗುತ್ತದೆ, ಒಳಗಿನದ್ದು ಕರಗುತ್ತದೆ, ತಿಗಣೆ ಅದನ್ನು ಹೀರುತ್ತದೆ. ಖಾಲಿ ಚರ್ಮ ಸೊಂಡಿಲ ತುದಿಯಲ್ಲಿ ತೂಗಾಡುತ್ತಿರುತ್ತದೆ.

ಮೀಸೆಯ ಗಿಣ್ಣು ಎಣಿಸುವಾಗ

ಪೆಂಟಟೊಮಿಡೇ ಎಂದರೆ ಮೀಸೆಗೆ 5 ಗಿಣ್ಣು. ಹತ್ತಿ ಎಲೆಯ ಮೇಲೆ ಕೆಂಪು-ಕಪ್ಪು ಮರಿಗಳ ಗುಂಪು ಸಿಕ್ಕಾಗ ಎಣಿಸಿದೆ: 4. ಹತ್ತಿಯ ಕೆಂಪು ತಿಗಣೆಯದ್ದೇ ಮರಿ ಎಂದು ಬರೆದುಕೊಂಡೆ, ಅದಕ್ಕೂ 4 ತಾನೆ. ತಪ್ಪು. 5 ಎಂಬ ಲೆಕ್ಕ ರೆಕ್ಕೆ ಬಂದ ಪ್ರೌಢ ತಿಗಣೆಗೆ ಮಾತ್ರ, ಮರಿಯಲ್ಲಿ ಬೇಟೆಗಾರ ತಿಗಣೆಗೂ 4 ಗಿಣ್ಣೇ. ಮರಿಯಲ್ಲಿ ಮೀಸೆ ಸಹಾಯ ಮಾಡುವುದಿಲ್ಲ, ಸೊಂಡಿಲೇ ದಿಕ್ಕು. ಇನ್ನೊಂದು ಗುರುತು, ಕೆಂಪು ತಿಗಣೆಯ ಮರಿಗಳು ಒಡೆದ ಕಾಯಿಯ ಬೀಜಕ್ಕೆ ಮುತ್ತಿರುತ್ತವೆ, ಬೇಟೆಗಾರನ ಮರಿಗಳು ಒಂದೇ ಕೀಡಿಯ ಸುತ್ತ ಮುತ್ತಿ ಹಂಚಿಕೊಂಡು ಹೀರುತ್ತವೆ.

ಮರಿ ಐದು ಹಂತ ದಾಟಿ ಪ್ರೌಢವಾಗುತ್ತದೆ, ಕೋಶದ ಹಂತ ಇಲ್ಲ. ಮೊದಲ ಹಂತದಲ್ಲಿ ಬೇಟೆಯಿಲ್ಲ. ಮೊಟ್ಟೆಯ ಚಿಪ್ಪುಗಳ ಬಳಿಯೇ ಗುಂಪಾಗಿದ್ದು ತೇವ ಹೀರಿಕೊಳ್ಳುತ್ತವೆ. ಬೇಟೆ ಶುರುವಾಗುವುದು ಎರಡನೇ ಹಂತದಿಂದ.

ಹೊಲದಲ್ಲಿ ಎಷ್ಟು ನಂಬಬಹುದು

ಎಲೆ ತಿನ್ನುವ ಸ್ಪೋಡೊಪ್ಟೆರಾ ಕೀಡಿ ಇವಕ್ಕೆ ಒಳ್ಳೆಯ ಊಟ. ತೊಗರಿಯ ಕಾಯಿಕೊರಕ ತಲೆಯನ್ನಷ್ಟೇ ಕಾಯಿಯೊಳಗೆ ತೂರಿಸಿ ಮೈಯನ್ನು ಹೊರಗೆ ಬಿಟ್ಟು ತಿನ್ನುತ್ತದೆ, ಅದೂ ಸಿಗುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕ ಸಿಗುವುದಿಲ್ಲ, ಅದು ಕಾಯಿಯೊಳಗೇ ಬೆಳೆಯುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗಲೂ ಇವುಗಳ ಮೇಲೆ ಭಾರ ಹಾಕಬಾರದು. ಆಂಡ್ರಾಲಸ್ ಗದ್ದೆಯಲ್ಲಿ ಹುಡುಕುವುದು ಮುಖ್ಯವಾಗಿ ಕೀಡಿಗಳನ್ನು. ಇನ್ನು ಟಸರ್ ರೇಷ್ಮೆ ಸಾಕುವವರಿಗೆ ಇದೇ ಇಯೋಕ್ಯಾಂಥಿಕೋನಾ ಶತ್ರು, ಯಾಕೆಂದರೆ ರೇಷ್ಮೆ ಹುಳುವೂ ಅದಕ್ಕೆ ಕೀಡಿಯೇ.

ಕೀಡಿ ಹೆಚ್ಚಿದ ಮೇಲಷ್ಟೇ ತಿಗಣೆ ಹೆಚ್ಚುತ್ತದೆ. ಆ ನಡುವಿನ ದಿನಗಳಲ್ಲಿ ನಾವು ಸಿಂಥೆಟಿಕ್ ಪೈರೆಥ್ರಾಯ್ಡ್‌ನಂಥ ಎಣ್ಣೆ ಹೊಡೆದುಬಿಟ್ಟರೆ ಎರಡೂ ಸಾಯುತ್ತವೆ. ಕೀಡಿಗೆ ರೋಗ ತರುವ ಎನ್‌ಪಿವಿ ವೈರಸ್ ತಿಗಣೆಯನ್ನು ಮುಟ್ಟುವುದಿಲ್ಲ. ಉತ್ತರ ಅಮೆರಿಕದ ಪೊಡಿಸಸ್ ಎಂಬ ಇವುಗಳ ಸಂಬಂಧಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಕಂಡಿದ್ದಾರೆ: ರೋಗದ ಕೀಡಿಯನ್ನು ಹೀರಿದ ತಿಗಣೆಯ ಹಿಕ್ಕೆಯಲ್ಲಿ ವೈರಸ್ ಜೀವಂತವಾಗಿ ಹೊರಬಂದು ಬೇರೆ ಎಲೆಗೆ ಹರಡುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಈಗ ನನ್ನ ಮೇಜಿನ ಮೇಲೆ ಒಂದು ಎಲೆಯ ತುಂಡು ಇದೆ, ಅದರ ಮೇಲೆ ಪುಟ್ಟ ಪೀಪಾಯಿಗಳಂಥ ಮೊಟ್ಟೆಗಳ ಸಾಲು, ಪ್ರತಿಯೊಂದರ ಮುಚ್ಚಳದ ಸುತ್ತ ಸಣ್ಣ ಕೂದಲಿನ ಉಂಗುರ. ಕೆಲವು ಕಪ್ಪಗಾಗಿವೆ. ಒಳಗೆ ತಿಗಣೆ ಮರಿಯೇ ಇರಬಹುದು, ಬೇರೆ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಟೆಲಿನೋಮಸ್ ಕಣಜದ ಮರಿಯೂ ಇರಬಹುದು, ಬೇಟೆಗಾರನ ಮೊಟ್ಟೆಯನ್ನೂ ಆ ಕಣಜ ಬಿಡುವುದಿಲ್ಲ. ಹತ್ತಿ ಮುಚ್ಚಿದ ಗಾಜಿನ ನಳಿಕೆಗೆ ಹಾಕಿಟ್ಟಿದ್ದೇನೆ.